ಮಳೆಗಾಲಕ್ಕೆ ಮೊದಲೇ ಹಿರಿಯರ ಕಾಲು ಗಟ್ಟಿ ಮಾಡಿ: ಬೀಳುವುದನ್ನು ತಡೆಯಲು ಮನೆಯಲ್ಲೇ ಫಿಸಿಯೋಥೆರಪಿ, ಹಂತ ಹಂತವಾಗಿ

ಮಲೆನಾಡಿನ ಮನೆಗಳಲ್ಲಿ ಈ ವಿಷಯ ಹೆಚ್ಚಾಗಿ ಒಂದೇ ರೀತಿ ಕೆಡುತ್ತದೆ. ಅಪ್ಪಯ್ಯ ಒಮ್ಮೆ ಬಚ್ಚಲಲ್ಲಿ ಜಾರುತ್ತಾರೆ. ಮೂಳೆ ಮುರಿದಿಲ್ಲ, ಪುಣ್ಯ. ಮರುದಿನ ಒಂದು ಕೋಲು ಬರುತ್ತದೆ, ಬಚ್ಚಲಿಗೊಂದು ಮ್ಯಾಟ್ ಬರುತ್ತದೆ. ಫಿಸಿಯೋ ಬಂದು ಮೊಣಕಾಲಿಗೆ ಕರೆಂಟ್ ಕೊಟ್ಟು ಹೋಗುತ್ತಾರೆ. "ಎಲ್ಲೂ ಹೋಗ್ಬೇಡಿ, ಸುಮ್ನೆ ಕೂತಿರಿ" ಅಂತ ಮನೆಯವರೆಲ್ಲ ಹೇಳುತ್ತಾರೆ. ಕೂತೂ ಕೂತೂ ತೊಡೆ ಸೊರಗುತ್ತದೆ. ಎರಡನೇ ಸಲ ಬಿದ್ದಾಗ ಸೊಂಟದ ಮೂಳೆ ಹೋಗುತ್ತದೆ.

ಇಲ್ಲಿ ಯಾರ ಕಾಳಜಿಯಲ್ಲೂ ಕೊರತೆ ಇಲ್ಲ. ಮಾಡಿದ ಕೆಲಸ ಮಾತ್ರ ಬೇರೆ. ಕರೆಂಟ್, ಶಾಖ, ಎಣ್ಣೆ ತಿಕ್ಕುವುದು ಇವೆಲ್ಲ ನೋವಿಗೆ ಸ್ವಲ್ಪ ಹಿತ ಕೊಡಬಹುದು. ಬೀಳುವುದನ್ನು ಅವು ತಡೆಯುವುದಿಲ್ಲ. ತಡೆಯುವುದು ನಿಂತುಕೊಂಡು ಮಾಡುವ ವ್ಯಾಯಾಮ. ಅದು ಸ್ವಲ್ಪ ಕಷ್ಟ ಅನಿಸಬೇಕು, ಮತ್ತು ಕೈಯ ಆಸರೆಯನ್ನು ವಾರದಿಂದ ವಾರಕ್ಕೆ ಕಮ್ಮಿ ಮಾಡುತ್ತಾ ಹೋಗಬೇಕು. ಕೆಳಗಿನ ಎಲ್ಲ ಹಂತಗಳೂ ಈ ಒಂದು ಕೆಲಸಕ್ಕಾಗಿಯೇ ಇವೆ. ಕ್ರಮ ಬದಲಿಸಬೇಡಿ.

ಯಾವಾಗ ಶುರು ಮಾಡುವುದು? ಕಾಲಿಗೆ ಬಲ ಬರಲು ಎರಡು ತಿಂಗಳಾದರೂ ಬೇಕು. ಯುಗಾದಿಗೆ ಶುರು ಮಾಡಿದರೆ ಮೃಗಶಿರ ಮಳೆ ಹಿಡಿಯುವ ಹೊತ್ತಿಗೆ ಸುಮಾರು ಹತ್ತು ವಾರ ಸಿಗುತ್ತದೆ. ಅಂಗಳದಲ್ಲಿ ಪಾಚಿ ಕಟ್ಟಿದ ಮೇಲೆ ಶುರು ಮಾಡುವವರೇ ಜಾಸ್ತಿ. ತಡವಾದರೂ ಪರವಾಗಿಲ್ಲ, ಮನೆಯೊಳಗೇ ಶುರು ಮಾಡಿ.

## ಹಂತ 1: ವ್ಯಾಯಾಮಕ್ಕೂ ಮೊದಲು ಮಾತ್ರೆ, ಬಿಪಿ, ಕಣ್ಣು

ಎದ್ದ ತಕ್ಷಣ ತಲೆ ಸುತ್ತಿ ಬೀಳುವವರಿಗೆ ತೊಡೆ ಎಷ್ಟು ಗಟ್ಟಿಯಾದರೂ ಉಪಯೋಗವಿಲ್ಲ. ಹಾಗಾಗಿ ಮೊದಲು ಬಿಪಿ ನೋಡಿ. ಈಗ ಎಷ್ಟೋ ಮನೆಗಳಲ್ಲಿ ಬಿಪಿ ಮಷೀನ್ ಇದೆ. ಐದು ನಿಮಿಷ ಮಲಗಿಸಿ, ಮಲಗಿದ್ದಾಗಲೇ ಒಮ್ಮೆ ಅಳೆಯಿರಿ. ಎದ್ದು ನಿಂತ ಒಂದು ನಿಮಿಷಕ್ಕೆ ಇನ್ನೊಮ್ಮೆ, ಮೂರು ನಿಮಿಷಕ್ಕೆ ಮತ್ತೊಮ್ಮೆ ಅಳೆಯಿರಿ. ಮೇಲಿನ ಸಂಖ್ಯೆ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ, ಇಲ್ಲವೇ ಕೆಳಗಿನ ಸಂಖ್ಯೆ 10 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ, ಡಾಕ್ಟರಿಗೆ ತೋರಿಸದೆ ಮುಂದೆ ಹೋಗಬೇಡಿ. ಅಳೆಯುವಾಗ ಒಬ್ಬರು ಪಕ್ಕದಲ್ಲೇ ನಿಂತಿರಬೇಕು.

ಡಾಕ್ಟರ ಹತ್ತಿರ ಹೋಗುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಕೈಚೀಲಕ್ಕೆ ಹಾಕಿಕೊಂಡು ಹೋಗಿ. ಚೀಟಿ ಮಾತ್ರ ಸಾಲದು. ಬಿಪಿಗೆ ಒಬ್ಬ ಡಾಕ್ಟರು, ಮೂತ್ರದ ತೊಂದರೆಗೆ ಇನ್ನೊಬ್ಬರು, ನಿದ್ದೆಗೆ ಮೆಡಿಕಲ್ ಶಾಪಿನವರು ಕೊಟ್ಟಿದ್ದು, ಹೀಗೆ ಎಲ್ಲ ಸೇರಿಕೊಂಡಿರುತ್ತದೆ. ನಿದ್ದೆ ಮಾತ್ರೆ, ಪ್ರಾಸ್ಟೇಟಿಗೆ ಕೊಡುವ ಕೆಲವು ಮಾತ್ರೆ, ಮೂತ್ರ ಜಾಸ್ತಿ ಹೋಗಿಸುವ ಬಿಪಿ ಮಾತ್ರೆ, ಇವು ತಲೆಸುತ್ತಿಗೂ ಬೀಳುವುದಕ್ಕೂ ಕಾರಣವಾಗಬಹುದು. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. "ಇದರಲ್ಲಿ ಯಾವುದಾದರೂ ತಲೆ ಸುತ್ತಿಸುತ್ತದಾ? ಕಮ್ಮಿ ಮಾಡಬಹುದಾ?" ಅಂತ ನೇರವಾಗಿ ಕೇಳಿ. ಪಾದ ಜೋಮು ಹಿಡಿಯುತ್ತಿದ್ದರೆ ಸಕ್ಕರೆ ಕಾಯಿಲೆ ಮತ್ತು ವಿಟಮಿನ್ ಬಿ12 ಪರೀಕ್ಷೆಯ ಬಗ್ಗೆಯೂ ಕೇಳಿ.

ಕಣ್ಣಿನ ಪೊರೆ ಇದ್ದರೆ ಆಪರೇಷನ್ ಮುಂದೂಡಬೇಡಿ. ಮೇಲೆ ದೂರಕ್ಕೆ, ಕೆಳಗೆ ಓದುವುದಕ್ಕೆ ಇರುವ ಕನ್ನಡಕ ಹಾಕುವವರಿಗೆ ಮೆಟ್ಟಿಲು ಇಳಿಯುವಾಗ ಪಾದದ ಬಳಿ ಮಂಜಾಗಿ ಕಾಣುತ್ತದೆ. ಹೊರಗೆ ಓಡಾಡಲು ದೂರದ್ದೇ ಬೇರೆ ಕನ್ನಡಕ ಮಾಡಿಸಿದರೆ ಒಳ್ಳೆಯದು.

## ಹಂತ 2: ಸಾಮಾನು ಜೋಡಿಸಿಕೊಳ್ಳಿ

ದುಬಾರಿ ವಸ್ತು ಯಾವುದೂ ಬೇಡ.

ಗಟ್ಟಿಯಾದ ಮರದ ಕುರ್ಚಿ ಬೇಕು, ಕೂರುವ ಎತ್ತರ ಸುಮಾರು 17 ಇಂಚು. ಅದರ ಬೆನ್ನು ಗೋಡೆಗೆ ತಾಗಿರಬೇಕು. ಪ್ಲಾಸ್ಟಿಕ್ ಕುರ್ಚಿ ಬೇಡವೇ ಬೇಡ. ನುಣುಪಾದ ಕೆಂಪು ಸಿಮೆಂಟಿನ ನೆಲದ ಮೇಲೆ ಅದು ಹಿಂದಕ್ಕೆ ಜಾರುತ್ತದೆ.

ಹಿಡಿದು ನಿಲ್ಲಲು ಅಡುಗೆ ಕಟ್ಟೆ, ಭಾರದ ಮೇಜು ಅಥವಾ ನಡುಮನೆಯ ಕಂಬ ಆಗುತ್ತದೆ. ಬಾಗಿಲು, ಕಿಟಕಿಯ ಪರದೆ, ಸೊಸೆಯ ಭುಜ ಆಗುವುದಿಲ್ಲ.

ಕಾಲಿಗೆ ಕಟ್ಟುವ ತೂಕ ಅಂಗಡಿಯಲ್ಲಿ ಸಿಗುತ್ತದೆ. ಮನೆಯಲ್ಲೇ ಮಾಡುವುದಾದರೆ ಒಣ ಮರಳನ್ನು ತಕ್ಕಡಿಯಲ್ಲಿ ತೂಗಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಹಳೆಯ ಕಾಲುಚೀಲದೊಳಗೆ ತುಂಬಿ. ಅರ್ಧ ಕಿಲೋದ್ದು ನಾಲ್ಕು ಮಾಡಿಟ್ಟರೆ ಮುಂದೆ ಜೋಡಿಸಿಕೊಳ್ಳಬಹುದು. ಕಣಕಾಲಿನ ಸುತ್ತ ಬಟ್ಟೆಪಟ್ಟಿಯಿಂದ ಕಟ್ಟಿ, ಬಿಗಿ ಬೇಡ. ಕಾಲಲ್ಲಿ ಹುಣ್ಣಿದ್ದರೆ ಅಥವಾ ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಗೊತ್ತಾಗದಿದ್ದರೆ ಡಾಕ್ಟರನ್ನು ಕೇಳಿಯೇ ತೂಕ ಕಟ್ಟಿ.

ಇವುಗಳ ಜೊತೆ ಒಂದು ದಪ್ಪ ಟವೆಲ್ ಅಥವಾ ಅಗಲವಾದ ಬೆಲ್ಟ್ ಬೇಕು. ಅದು ಹಿರಿಯರ ಸೊಂಟಕ್ಕೆ. ಜೊತೆಗಿರುವವರು ಹಿಂದಿನಿಂದ ಅದನ್ನು ಹಿಡಿಯುತ್ತಾರೆ. ರಟ್ಟೆ ಹಿಡಿದು ನಡೆಸುವುದು ನಮ್ಮಲ್ಲಿ ರೂಢಿ. ಆದರೆ ಅವರು ವಾಲಿದಾಗ ರಟ್ಟೆ ಎಳೆದರೆ ಭುಜಕ್ಕೆ ಪೆಟ್ಟಾಗುತ್ತದೆ, ಬೀಳುವುದು ಮಾತ್ರ ನಿಲ್ಲುವುದಿಲ್ಲ.

ಕೊನೆಯದಾಗಿ ಒಂದು ಕ್ಯಾಲೆಂಡರ್ ಮತ್ತು ಪೆನ್ನು. ಮೊಬೈಲಿನ ಸ್ಟಾಪ್‌ವಾಚ್ ಸಾಕು.

## ಹಂತ 3: ಮೂರು ಪರೀಕ್ಷೆ ಮಾಡಿ, ಬರೆದಿಡಿ

ಇದನ್ನು ಬಿಟ್ಟವರಿಗೆ ಮುಂದೆ ಸುಧಾರಿಸಿದೆಯೋ ಇಲ್ಲವೋ ಗೊತ್ತಾಗುವುದೇ ಇಲ್ಲ. "ಏನೋ ಪರವಾಗಿಲ್ಲ" ಅನ್ನುವುದು ಅಳತೆ ಅಲ್ಲ.

ಎದ್ದು ನಡೆದು ಬರುವ ಪರೀಕ್ಷೆ: ಕುರ್ಚಿಯಿಂದ 3 ಮೀಟರ್ ದೂರಕ್ಕೆ ನೆಲದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. "ಹೊರಡಿ" ಅಂದಾಗ ಎದ್ದು, ಮಾಮೂಲಿ ವೇಗದಲ್ಲಿ ಗೆರೆಯವರೆಗೆ ಹೋಗಿ, ತಿರುಗಿ ಬಂದು ಕೂರಬೇಕು. ಕೋಲು ಬಳಸುವವರು ಕೋಲು ಹಿಡಿಯಲಿ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ತಿರುಗುವಾಗ ಸಣ್ಣ ಸಣ್ಣ ಹೆಜ್ಜೆ ಇಡುತ್ತಾರಾ, ಗೋಡೆ ಹುಡುಕುತ್ತಾರಾ ಅನ್ನುವುದನ್ನೂ ಬರೆದುಕೊಳ್ಳಿ.

30 ಸೆಕೆಂಡ್ ಎದ್ದು ಕೂರುವ ಪರೀಕ್ಷೆ: ಎರಡೂ ಕೈಯನ್ನು ಎದೆಯ ಮೇಲೆ ಅಡ್ಡ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಲ್ಲುತ್ತಾರೆ ಎಣಿಸಿ. 70ರಿಂದ 74ರ ವಯಸ್ಸಿನ ಗಂಡಸರಿಗೆ 12ಕ್ಕಿಂತ, ಹೆಂಗಸರಿಗೆ 10ಕ್ಕಿಂತ ಕಮ್ಮಿಯಾದರೆ ಕಾಲಿನ ಬಲ ಸಾಲದು. 80ರಿಂದ 84ರವರಿಗೆ ಇದು 10 ಮತ್ತು 9. ಕೈ ಊರದೆ ಏಳಲು ಆಗದಿದ್ದರೆ ಸೊನ್ನೆ ಬರೆಯಿರಿ. ಸಂಕೋಚ ಬೇಡ, ಸೊನ್ನೆಯಿಂದ ಶುರು ಮಾಡುವವರು ಬಹಳ ಮಂದಿ.

ನಿಲ್ಲುವ ಪರೀಕ್ಷೆ: ಕಟ್ಟೆಯ ಪಕ್ಕದಲ್ಲಿ, ಕೈ ಬಿಟ್ಟು, ಒಂದೊಂದು ನಿಲುವಿನಲ್ಲೂ 10 ಸೆಕೆಂಡ್ ನಿಲ್ಲಬೇಕು. ಮೊದಲು ಎರಡೂ ಪಾದ ಜೋಡಿಸಿ. ಆಮೇಲೆ ಒಂದು ಪಾದದ ನಡುಭಾಗಕ್ಕೆ ಇನ್ನೊಂದರ ಹೆಬ್ಬೆರಳು ತಾಗುವಂತೆ. ಮೂರನೆಯದು ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ಒಂದೇ ಗೆರೆಯಲ್ಲಿ. ಕೊನೆಗೆ ಒಂಟಿ ಕಾಲು. ಮೂರನೇ ನಿಲುವಿನಲ್ಲಿ 10 ಸೆಕೆಂಡ್ ನಿಲ್ಲಲಾಗದಿದ್ದರೆ ಬ್ಯಾಲೆನ್ಸ್ ಕೆಲಸ ತುರ್ತಾಗಿ ಬೇಕು. ಒಂದು ನಿಲುವು ತಪ್ಪಿದರೆ ಅಲ್ಲಿಗೇ ನಿಲ್ಲಿಸಿ, ಮುಂದಿನದಕ್ಕೆ ಹೋಗಬೇಡಿ.

## ಹಂತ 4: ಫಿಸಿಯೋ ಕರೆಸುವುದು, ಏನು ಕೇಳುವುದು

ಫಿಸಿಯೋ ದಿನಾ ಬರಬೇಕು ಅನ್ನುವ ನಂಬಿಕೆಯಿಂದಲೇ ಎಷ್ಟೋ ಮನೆಯಲ್ಲಿ ಈ ಕೆಲಸ ಶುರುವಾಗುವುದಿಲ್ಲ. ಹೊಸನಗರದ ಒಳಗಿನ ಹಳ್ಳಿಗೆ ಯಾರು ದಿನಾ ಬರುತ್ತಾರೆ, ಅಲ್ವಾ? ಬರಬೇಕಾಗಿಯೂ ಇಲ್ಲ. ಮನೆಯಲ್ಲಿ ಬೀಳುವುದನ್ನು ತಡೆಯಲೆಂದೇ ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಒಂದು ಕಾರ್ಯಕ್ರಮವಿದೆ. ಅದರಲ್ಲಿ ಭೇಟಿಗಳು ಇರುವುದೇ 1, 2, 4, 8ನೇ ವಾರಗಳಲ್ಲಿ, ಆಮೇಲೆ ಆರನೇ ತಿಂಗಳಲ್ಲಿ ಒಮ್ಮೆ. ನಡುವೆ ಫೋನಿನಲ್ಲಿ ವಿಚಾರಣೆ. ಅಷ್ಟರಲ್ಲೇ ಬೀಳುವುದು ಸುಮಾರು ಶೇ. 35ರಷ್ಟು ಇಳಿಯಿತು. 80 ದಾಟಿದವರಿಗೆ ಲಾಭ ಇನ್ನೂ ಜಾಸ್ತಿ. ಕೆಳಗಿನ ವ್ಯಾಯಾಮಗಳಲ್ಲಿ ಹೆಚ್ಚಿನವು ಅದರಿಂದಲೇ ಬಂದವು.

ಅಂದರೆ ಫಿಸಿಯೋ ಬರುವುದು ಕಲಿಸಲು, ತಿದ್ದಲು, ಕಷ್ಟ ಹೆಚ್ಚಿಸಲು. ಮಾಡುವುದು ಮನೆಯವರ ಜೊತೆ.

ಬಿಪಿಟಿ ಅಥವಾ ಎಂಪಿಟಿ (ಫಿಸಿಯೋಥೆರಪಿಯ ಪದವಿಗಳು) ಓದಿದವರನ್ನೇ ಕರೆಸಿ. ಮೊದಲ ದಿನವೇ ಮೂರು ವಿಷಯ ಕೇಳಿ. ಇವರಿಗೆ ಯಾವ ವ್ಯಾಯಾಮ ಬೇಡ? ಎಷ್ಟು ತೂಕದಿಂದ ಶುರು? ಯಾವಾಗ ಹೆಚ್ಚಿಸಬೇಕು? ಉತ್ತರವನ್ನು ಹಾಳೆಯಲ್ಲಿ ಕನ್ನಡದಲ್ಲಿ ಬರೆಸಿಕೊಳ್ಳಿ. ವಿಡಿಯೋ ಕಳಿಸುತ್ತೇನೆ ಅಂದರೂ ಹಾಳೆ ಬಿಡಬೇಡಿ, ಮಳೆಗಾಲದಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ. ಬಂದವರು ಅರ್ಧ ಗಂಟೆ ಮಲಗಿಸಿಯೇ ಕೈಕಾಲು ಆಡಿಸಿ ಹೋದರೆ, ಹಿರಿಯರನ್ನು ನಿಲ್ಲಿಸಿಯೇ ನೋಡದಿದ್ದರೆ, ಯಾಕೆ ಅಂತ ಕೇಳುವ ಹಕ್ಕು ನಿಮಗಿದೆ.

ಸೊಂಟ ಅಥವಾ ಮೊಣಕಾಲಿನ ಆಪರೇಷನ್ ಆದವರು, ಪಾರ್ಶ್ವವಾಯು ಆದವರು, ಪಾರ್ಕಿನ್ಸನ್ ಇರುವವರು, ಹಿಂದಿನ ಆರು ತಿಂಗಳಲ್ಲಿ ಎರಡು ಸಲ ಬಿದ್ದವರು: ಇವರು ಮುಂದಿನ ಹಂತಗಳನ್ನು ಫಿಸಿಯೋ ಎದುರಿಗೇ ಶುರು ಮಾಡಬೇಕು.

## ಇವತ್ತು ಬೇಡ ಅನ್ನುವ ದಿನಗಳು

ಕೂತಿದ್ದಾಗಲೇ ಬಿಪಿ 180/110 ದಾಟಿದ್ದರೆ, ಜ್ವರ ಇದ್ದರೆ, ವಾಂತಿ ಭೇದಿ ಆಗಿದ್ದರೆ ಆ ದಿನ ಬಿಡಿ. ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಮಾಡಬಾರದು. ಸಕ್ಕರೆ 100ಕ್ಕಿಂತ ಕೆಳಗಿದ್ದರೆ ಏನಾದರೂ ತಿಂದು ಆಮೇಲೆ ಮಾಡಲಿ.

ಮಾಡುತ್ತಿರುವಾಗ ಎದೆ ನೋವು ಅಥವಾ ಎದೆ ಹಿಡಿದಂತಾಗುವುದು, ಮಾತಾಡಲೂ ಆಗದಷ್ಟು ಏದುಸಿರು, ತಲೆ ಸುತ್ತು, ಕೀಲಿನಲ್ಲಿ ಚುಚ್ಚುವ ನೋವು ಬಂದರೆ ತಕ್ಷಣ ಕೂರಿಸಿ. ಎದೆ ನೋವು ಕಮ್ಮಿ ಆಗದಿದ್ದರೆ 108ಕ್ಕೆ ಫೋನ್ ಮಾಡಿ. ಮುಖ ಸೊಟ್ಟಗಾದರೆ, ಒಂದು ಕೈ ಬಿದ್ದುಹೋದರೆ, ಮಾತು ತೊದಲಿದರೆ ಕಾಯುತ್ತಾ ಕೂರಬೇಡಿ, ಆಗಲೇ 108. ಒಂದೇ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ತಿಕ್ಕಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ಡಾಕ್ಟರಿಗೆ ತೋರಿಸಿ.

ತೊಡೆಯಲ್ಲಿ ಒಂದೆರಡು ದಿನ ಇರುವ ಮೈಕೈ ನೋವು ಮಾತ್ರ ಅಪಾಯವಲ್ಲ. ಅದಕ್ಕೇ ಹೆದರಿ ಬಿಟ್ಟವರು ತುಂಬಾ ಜನ.

## ಹಂತ 5: ಕಾಲಿನ ಬಲ, ವಾರಕ್ಕೆ ಮೂರು ದಿನ

ಒಂದು ದಿನ ಬಿಟ್ಟು ಒಂದು ದಿನ ಮಾಡಿ. ಮೊದಲು ಐದು ನಿಮಿಷ ಕೂತಲ್ಲೇ ಕಣಕಾಲು ಆಡಿಸಿ, ನಿಂತಲ್ಲೇ ಹೆಜ್ಜೆ ಹಾಕಿ ಮೈ ಬೆಚ್ಚಗೆ ಮಾಡಿ.

ಮೊದಲನೆಯದು ಕುರ್ಚಿಯಿಂದ ಏಳುವುದು. ನನ್ನ ಲೆಕ್ಕದಲ್ಲಿ ಒಂದೇ ಒಂದು ವ್ಯಾಯಾಮಕ್ಕೆ ಸಮಯ ಇರುವವರು ಇದನ್ನೇ ಮಾಡಲಿ. ಕುರ್ಚಿಯ ಅಂಚಿಗೆ ಸರಿದು ಕೂರಬೇಕು. ಪಾದ ಮೊಣಕಾಲಿಗಿಂತ ಸ್ವಲ್ಪ ಹಿಂದಿರಬೇಕು. ಮೂಗು ಹೆಬ್ಬೆರಳಿನ ಮೇಲೆ ಬರುವಷ್ಟು ಮುಂದೆ ಬಾಗಿ ಏಳಬೇಕು. ಹೆಚ್ಚಿನವರು ಬಾಗದೆ ನೇರ ಮೇಲಕ್ಕೆ ಏಳಲು ನೋಡುತ್ತಾರೆ, ಅದಕ್ಕೇ ಧೊಪ್ಪನೆ ಹಿಂದಕ್ಕೆ ಬೀಳುತ್ತಾರೆ. ಕೂರುವಾಗ ಒಂದು, ಎರಡು, ಮೂರು ಎಣಿಸುತ್ತಾ ನಿಧಾನವಾಗಿ ಕೂರಬೇಕು. ಈ ನಿಧಾನವೇ ತೊಡೆಗೆ ಬಲ ಕೊಡುವುದು. ಶುರುವಿಗೆ ಎರಡೂ ಕೈ ಊರಿ ಐದು ಸಲ. ಆಮೇಲೆ ಒಂದು ಕೈ, ಆಮೇಲೆ ಕೈ ಇಲ್ಲದೆ. ಏಳಲು ಆಗುವುದೇ ಇಲ್ಲ ಅಂದರೆ ಕುರ್ಚಿಯ ಮೇಲೆ ಕಂಬಳಿ ಮಡಿಸಿ ಹಾಕಿ ಎತ್ತರ ಮಾಡಿ, ವಾರ ಕಳೆದಂತೆ ಒಂದೊಂದು ಮಡಿಕೆ ತೆಗೆಯಿರಿ.

ಎರಡನೆಯದು ಕೂತು ಮೊಣಕಾಲು ನೀಡುವುದು. ಕಣಕಾಲಿಗೆ ತೂಕ ಕಟ್ಟಿ, ಕಾಲನ್ನು ನಿಧಾನ ಎತ್ತಿ ನೇರ ಮಾಡಿ, ನಿಧಾನ ಇಳಿಸುವುದು. ಮೂರನೆಯದು ಕಟ್ಟೆ ಹಿಡಿದು ನಿಂತು, ಮೊಣಕಾಲು ಮಡಿಸಿ ಹಿಮ್ಮಡಿಯನ್ನು ಹಿಂದಕ್ಕೆ ಎತ್ತುವುದು. ನಾಲ್ಕನೆಯದು ಕಾಲನ್ನು ಪಕ್ಕಕ್ಕೆ ಎತ್ತುವುದು. ಮೈ ವಾಲಬಾರದು, ಬೆರಳು ಮುಂದಕ್ಕೇ ಇರಬೇಕು. ಸೊಂಟದ ಪಕ್ಕದ ಈ ಸ್ನಾಯುವೇ ಒಂಟಿ ಕಾಲಲ್ಲಿ ನಿಂತಾಗ ನಮ್ಮನ್ನು ಹಿಡಿದಿಡುವುದು. ಹೊಸ್ತಿಲು ದಾಟುವಾಗ ಬೀಳುವವರಿಗೆ ಇದು ಬಿಡಲೇಬಾರದ ವ್ಯಾಯಾಮ. ಐದನೆಯದು ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುವುದು, ಆಮೇಲೆ ಬೆರಳು ಎತ್ತಿ ಹಿಮ್ಮಡಿಯ ಮೇಲೆ ನಿಲ್ಲುವುದು.

ಎಷ್ಟು ತೂಕ? ಎಂಟರಿಂದ ಹತ್ತು ಸಲ ಎತ್ತುವಷ್ಟರಲ್ಲಿ ಸುಸ್ತಾಗಬೇಕು, ಅಷ್ಟು. ಕೆಲವರಿಗೆ ಮೊದಲು ತೂಕವೇ ಬೇಡ, ಕೆಲವರಿಗೆ ಅರ್ಧ ಕಿಲೋ, ಕೆಲವರಿಗೆ ಒಂದು ಕಿಲೋ. ಹತ್ತರಂತೆ ಎರಡು ಸುತ್ತು ಸರಾಗವಾಗಿ ಬಂತು ಅಂದರೆ ಇನ್ನರ್ಧ ಕಿಲೋ ಸೇರಿಸಿ. ಆರು ತಿಂಗಳು ಅದೇ ತೂಕ, ಅದೇ ಹತ್ತು ಸಲ ಮಾಡುತ್ತಾ ಇರುವುದು ಇಲ್ಲಿ ನಾನು ಕಾಣುವ ದೊಡ್ಡ ತಪ್ಪು. ಸುಲಭವಾದ ಮೇಲೆ ಅದು ಸುಮ್ನೆ ಕಾಲು ಆಡಿಸಿದ ಹಾಗೆ.

ಉಸಿರು ಬಿಗಿಹಿಡಿಯಲು ಬಿಡಬೇಡಿ. ಜೋರಾಗಿ ಎಣಿಸಲು ಹೇಳಿ. ಎಣಿಸುವವರು ಉಸಿರು ಹಿಡಿಯಲು ಆಗುವುದಿಲ್ಲ.

## ಹಂತ 6: ಬ್ಯಾಲೆನ್ಸ್, ಕೈ ಬಿಡಿಸುವ ಹಂತ

ಬಲದ ವ್ಯಾಯಾಮ ಮುಗಿದ ದಿನವೇ ಇದನ್ನೂ ಮಾಡಿ. ಎರಡೂ ಸೇರಿ ಅರ್ಧ ಗಂಟೆ.

ಜಾಗ ಮುಖ್ಯ. ಕಟ್ಟೆಯ ಎದುರು ನಿಲ್ಲಿಸಿ, ಹಿಂದೆ ಒಂದು ಕುರ್ಚಿ ಇಡಿ. ಇಲ್ಲವೇ ಗೋಡೆಯ ಮೂಲೆಗೆ ಬೆನ್ನು ಮಾಡಿ ನಿಲ್ಲಿಸಿ, ಎದುರಿಗೆ ಭಾರದ ಕುರ್ಚಿ ಇಡಿ. ಮೂರೂ ಕಡೆ ಹಿಡಿಯಲು ಸಿಗುತ್ತದೆ. ಜಗಲಿಯ ಅಂಚಿನಲ್ಲಿ ಮಾತ್ರ ಬೇಡ, ಒಂದು ಹೆಜ್ಜೆ ತಪ್ಪಿದರೆ ಅಂಗಳಕ್ಕೆ ಬೀಳುತ್ತಾರೆ.

ಪರೀಕ್ಷೆಯಲ್ಲಿ ಯಾವ ನಿಲುವು ಕಷ್ಟವಾಯಿತೋ ಅಲ್ಲಿಂದಲೇ ಅಭ್ಯಾಸ. ಪ್ರತಿ ನಿಲುವಿನಲ್ಲೂ ಆಸರೆ ಹೀಗೆ ಇಳಿಯಬೇಕು: ಎರಡು ಕೈ, ಒಂದು ಕೈ, ಎರಡು ಬೆರಳು, ಕೈ ಕಟ್ಟೆಯ ಮೇಲೆ ತೇಲಿಸಿದಂತೆ, ಕೊನೆಗೆ ಕೈ ಕೆಳಗೆ. ಆಸರೆ ಹೀಗೆ ಒಂದು ಹಂತ ಇಳಿಯಲು ಒಂದು ವಾರ ಆಗಬಹುದು, ಮೂರು ವಾರವೂ ಆಗಬಹುದು.

ನಿಲ್ಲುವುದು ಸರಿಯಾದ ಮೇಲೆ ಚಲನೆ. ಕಟ್ಟೆಯುದ್ದಕ್ಕೂ ಪಕ್ಕಕ್ಕೆ ಹೆಜ್ಜೆ. ಹಿಂದಕ್ಕೆ ಹೆಜ್ಜೆ. ಹಿಮ್ಮಡಿಗೆ ಬೆರಳು ತಾಗಿಸುತ್ತಾ ಗೆರೆಯ ಮೇಲೆ ನಡೆಯುವುದು. ತುದಿಗಾಲಲ್ಲಿ, ಆಮೇಲೆ ಹಿಮ್ಮಡಿಯಲ್ಲಿ ನಡೆಯುವುದು. ನಡುಮನೆಯಲ್ಲಿ ಎರಡು ಕಂಬ ಇದ್ದರೆ ಅವುಗಳ ಸುತ್ತ ಇಂಗ್ಲಿಷಿನ 8ರ ಆಕಾರದಲ್ಲಿ ನಡೆಸಿ. ತಿರುಗುವಾಗ ತಪ್ಪುವ ಹೆಜ್ಜೆಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಕಷ್ಟ ಸರಿಯಾಗಿದೆಯಾ ಅಂತ ತಿಳಿಯುವುದು ಹೇಗೆ? ಮೈ ಸ್ವಲ್ಪ ಅಲ್ಲಾಡಬೇಕು, ಪಾದದ ಬೆರಳು ನೆಲ ಹಿಡಿಯುತ್ತಾ ಬಿಡುತ್ತಾ ಇರಬೇಕು, ಆದರೂ ತಾವೇ ಸರಿ ಮಾಡಿಕೊಳ್ಳಬೇಕು. ಕಂಬದಂತೆ ಅಲ್ಲಾಡದೆ ನಿಂತರೆ ತುಂಬಾ ಸುಲಭ, ಮುಂದಿನದಕ್ಕೆ ಹೋಗಿ. ಪದೇ ಪದೇ ಕಟ್ಟೆಗೆ ಕೈ ಹಾಕಿದರೆ ಅಥವಾ ಮುಖದಲ್ಲಿ ಹೆದರಿಕೆ ಕಂಡರೆ ಒಂದು ಹಂತ ಹಿಂದೆ ಬನ್ನಿ. ಕಣ್ಣು ಮುಚ್ಚಿ ನಿಲ್ಲಿಸುವ ಸಾಹಸ ಫಿಸಿಯೋ ಇಲ್ಲದಾಗ ಬೇಡ.

ಇಲ್ಲಿ ಮನೆಯವರದ್ದೇ ಒಂದು ತಪ್ಪಿದೆ. ಪ್ರೀತಿಯಿಂದ ಕೈ ಬಿಡುವುದೇ ಇಲ್ಲ. "ಬಿದ್ದುಬಿಟ್ರೆ?" ಅನ್ನುತ್ತಾರೆ. ಕೈ ಹಿಡಿದಷ್ಟು ಹೊತ್ತು ಬ್ಯಾಲೆನ್ಸ್ ಕೆಲಸ ಮಾಡುತ್ತಿರುವುದು ನಿಮ್ಮದು, ಅವರದ್ದಲ್ಲ. ಸೊಂಟದ ಬೆಲ್ಟಿನ ಹತ್ತಿರ ಕೈ ಇಟ್ಟುಕೊಂಡಿರಿ, ಮುಟ್ಟಬೇಡಿ.

## ಹಂತ 7: ನಡಿಗೆ, ಕೋಲು, ಮೆಟ್ಟಿಲು

ನಡಿಗೆ ಎಲ್ಲರಿಗೂ ಇಷ್ಟ. ಆದರೆ ಬರೀ ನಡಿಗೆಯಿಂದ ಬೀಳುವುದು ಕಮ್ಮಿ ಆಗುವುದಿಲ್ಲ. ಬ್ಯಾಲೆನ್ಸ್ ಇಲ್ಲದವರನ್ನು ಜೋರಾಗಿ ನಡೆಸಿದರೆ ಬೀಳುವ ಅವಕಾಶವೇ ಹೆಚ್ಚು. 5 ಮತ್ತು 6ನೇ ಹಂತ ಒಂದು ತಿಂಗಳು ಮಾಡಿದ ಮೇಲೆ ವಾರಕ್ಕೆ ಎರಡು ದಿನ, ಮೊದಲು ಹತ್ತು ನಿಮಿಷ, ನಿಧಾನವಾಗಿ ಅರ್ಧ ಗಂಟೆಗೆ ಏರಿಸಿ. ತೋಟದ ಇಳಿಜಾರು ಕೊನೆಗೆ ಇರಲಿ.

ಕೋಲಿನ ಎತ್ತರ: ಚಪ್ಪಲಿ ಹಾಕಿ ನೇರ ನಿಂತು ಕೈ ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ಹಿಡಿದಾಗ ಮೊಣಕೈ ಸ್ವಲ್ಪ ಮಡಿಸಿರಬೇಕು. ಬಲಗಾಲು ನೋವಿದ್ದರೆ ಕೋಲು ಎಡಗೈಯಲ್ಲಿ. ನೋವಿರುವ ಕಡೆಯೇ ಹಿಡಿಯುವವರು ಬಹಳ, ತಿದ್ದಿ. ಬೆತ್ತದ ಕೋಲಾದರೂ ತುದಿಗೆ ರಬ್ಬರ್ ಬುಷ್ ಹಾಕಿಸಿ. ಬುಷ್ಷಿನ ಗೆರೆ ಸವೆದು ನುಣ್ಣಗಾದರೆ ಬದಲಿಸಿ.

ನಮ್ಮ ಕಡೆಯ ವಿಶೇಷ ಅಂದರೆ ಕೊಡೆಯನ್ನೇ ಕೋಲು ಮಾಡಿಕೊಳ್ಳುವುದು. ಮಳೆ ಬಂದ ಕೂಡಲೇ ಕೊಡೆ ಬಿಚ್ಚುತ್ತಾರೆ. ನೆಲ ಜಾರುವ ಹೊತ್ತಿಗೇ ಸರಿಯಾಗಿ ಕೋಲು ಇಲ್ಲದಂತಾಗುತ್ತದೆ! ಕೋಲು ಬೇಕಾದವರಿಗೆ ರೇನ್‌ಕೋಟ್ ಕೊಡಿಸಿ.

ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಜೊತೆಯವರು ಯಾವಾಗಲೂ ಕೆಳಗಿನ ಮೆಟ್ಟಿಲಲ್ಲಿರಬೇಕು.

## ಹಂತ 8: ನೆಲದಿಂದ ಏಳುವುದು

ಇದನ್ನು ಕಲಿಸುವವರು ಕಮ್ಮಿ. ಮೂಳೆ ಮುರಿಯದಿದ್ದರೂ ಏಳಲಾಗದೆ ಗಂಟೆಗಟ್ಟಲೆ ತಣ್ಣನೆಯ ನೆಲದ ಮೇಲೆ ಬಿದ್ದಿರುವುದೇ ದೊಡ್ಡ ತೊಂದರೆ. ಮಣೆ ಮೇಲೆ ಕೂತು ಊಟ ಮಾಡುವ, ನೆಲದಲ್ಲಿ ಕೂತು ಅಡಕೆ ಸುಲಿಯುವ ಮನೆಗಳಲ್ಲಿ ಇದು ದಿನಾ ಬೇಕಾಗುವ ಕೆಲಸ ಕೂಡ. ಸೊಂಟ, ಮೊಣಕಾಲಿನ ಕೀಲು ಬದಲಿಸಿಕೊಂಡವರು ಡಾಕ್ಟರನ್ನು ಕೇಳದೆ ಮಾಡಬಾರದು.

ಏಳುವ ಕ್ರಮ ಹೀಗೆ. ಪಕ್ಕಕ್ಕೆ ಹೊರಳಬೇಕು. ಮೊಣಕೈ ಊರಿ, ಆಮೇಲೆ ಅಂಗೈ ಊರಿ ಮೇಲೆ ಬರಬೇಕು. ಅಂಬೆಗಾಲಿಗೆ ಬಂದು ಕುರ್ಚಿಯ ಹತ್ತಿರ ಹೋಗಬೇಕು. ಕುರ್ಚಿಯ ಮೇಲೆ ಎರಡೂ ಕೈ ಇಟ್ಟು, ಗಟ್ಟಿ ಕಾಲಿನ ಪಾದವನ್ನು ಮುಂದೆ ಊರಿ, ಕೈಯಿಂದ ಒತ್ತಿ ಎದ್ದು, ತಿರುಗಿ ಕೂರಬೇಕು.

ಕಲಿಸುವಾಗ ಮಾತ್ರ ತಲೆಕೆಳಗಾಗಿ, ಕೊನೆಯಿಂದ ಶುರು ಮಾಡಿ. ಮೊದಲ ವಾರ ಕುರ್ಚಿ ಹಿಡಿದು ಒಂದು ಮೊಣಕಾಲನ್ನು ದಿಂಬಿನ ಮೇಲೆ ಊರಿ ಏಳುವುದಷ್ಟೇ. ಅದು ಬಂದ ಮೇಲೆ ಎರಡೂ ಮೊಣಕಾಲು. ಆಮೇಲೆ ಅಂಬೆಗಾಲು. ಪೂರ್ತಿ ಮಲಗುವುದು ಕೊನೆಗೆ. ಮೊದಲ ಸಲ ಫಿಸಿಯೋ ಇರಲೇಬೇಕು.

## ಹಂತ 9: ಮನೆ, ಬಚ್ಚಲು, ಅಂಗಳ

ಬಚ್ಚಲಿಗೆ ಹಿಡಿಕೆ ಹಾಕಿಸುವಾಗ ಗೋಡೆ ಯಾವುದು ಅಂತ ಮೊದಲು ನೋಡಿ. ಹಳೆಯ ಮಣ್ಣಿನ ಗೋಡೆಯಲ್ಲಿ ಸ್ಕ್ರೂ ನಿಲ್ಲುವುದಿಲ್ಲ. ಜಂಬಿಟ್ಟಿಗೆಯೂ ಪುಡಿಯಾಗಿ ಕಿತ್ತು ಬರಬಹುದು. ಅಂಥ ಕಡೆ ನೆಲದಲ್ಲಿ ಕಾಂಕ್ರೀಟ್ ಹಾಕಿ ಜಿಐ ಪೈಪ್ ನಿಲ್ಲಿಸಿ. ಪೈಪು ಮುಷ್ಟಿಗೆ ಸಿಗುವಷ್ಟು ದಪ್ಪ, ಅಂದರೆ ಒಂದೂಕಾಲರಿಂದ ಒಂದೂವರೆ ಇಂಚು, ಇರಲಿ. ಹಿಡಿಕೆಯ ಎತ್ತರ ನೆಲದಿಂದ 33ರಿಂದ 36 ಇಂಚು. ಹಾಕಿದ ಮೇಲೆ ಮನೆಯ ಭಾರದ ಆಳು ಜೋತುಬಿದ್ದು ನೋಡಲಿ. ಟವೆಲ್ ಹಾಕುವ ಸರಳು ಹಿಡಿಕೆ ಅಲ್ಲ.

ಸ್ನಾನ ಕೂತೇ ಮಾಡಲಿ. ಹಂಡೆಯಿಂದ ನೀರು ಬಗ್ಗಿ ತೋಡುವುದನ್ನು ತಪ್ಪಿಸಿ, ಬಕೆಟ್ಟಿಗೆ ತುಂಬಿ ಎತ್ತರದ ಕಲ್ಲಿನ ಮೇಲೆ ಇಡಿ. ಎಣ್ಣೆ ಸ್ನಾನದ ದಿನ ಅಂಗಾಲಿಗೆ ಎಣ್ಣೆ ಹಚ್ಚುವುದು ಸ್ನಾನಕ್ಕೆ ಕೂತ ಮೇಲೆ, ಕೋಣೆಯಲ್ಲಿ ಹಚ್ಚಿಕೊಂಡು ನಡೆದು ಬರುವುದು ಬೇಡ. ಕೂತ ಕಕ್ಕಸಿನಿಂದ ಏಳಲು ಕಷ್ಟವಾದರೆ ಕಮೋಡ್ ಕುರ್ಚಿ ತನ್ನಿ. ಇದಕ್ಕೆ ಮಾನ ಮರ್ಯಾದೆಯ ಪ್ರಶ್ನೆ ತರುವ ಅಜ್ಜಂದಿರಿದ್ದಾರೆ. ಅವರ ಹತ್ತಿರ ಮೊಮ್ಮಕ್ಕಳು ಮಾತಾಡಿದರೆ ಕೆಲಸ ಆಗುತ್ತದೆ.

ರಾತ್ರಿ ಮೂತ್ರಕ್ಕೆ ಏಳುವಾಗ ಬೀಳುವವರು ಜಾಸ್ತಿ. ಎಚ್ಚರವಾದ ಕೂಡಲೇ ಏಳದೆ, ಮಂಚದ ಅಂಚಿನಲ್ಲಿ ಕೂತು ಪಾದವನ್ನು ಹತ್ತು ಸಲ ಮೇಲೆ ಕೆಳಗೆ ಆಡಿಸಿ ಆಮೇಲೆ ನಿಲ್ಲಬೇಕು. ಮಳೆಗಾಲದಲ್ಲಿ ಕರೆಂಟ್ ಹೋದಾಗ ತಾನೇ ಹತ್ತುವ ರೀಚಾರ್ಜ್ ಬಲ್ಬು ದಾರಿಯಲ್ಲಿ ಇರಲಿ, ದಿಂಬಿನ ಬಳಿ ಟಾರ್ಚ್ ಇರಲಿ. ನೈಟಿ, ಪಂಚೆ ಪಾದಕ್ಕಿಂತ ನಾಲ್ಕು ಬೆರಳು ಮೇಲಿರಬೇಕು. ಹೊಸ್ತಿಲು ತೆಗೆಯಲು ಯಾರೂ ಒಪ್ಪುವುದಿಲ್ಲ, ಒಪ್ಪಿಸುವುದೂ ಬೇಡ. ಎರಡೂ ಬದಿಯಲ್ಲಿ ಎದ್ದು ಕಾಣುವ ಬಣ್ಣದ ಪಟ್ಟಿ ಬಳಿಯಿರಿ, ಬಾಗಿಲ ಚೌಕಟ್ಟಿಗೆ ಹಿಡಿಕೆ ಹಾಕಿ.

ಕಾಲುಚೀಲ ಹಾಕಿ ಕೆಂಪು ನೆಲದ ಮೇಲೆ ಓಡಾಡುವುದು ಅಪಾಯ. ಬರಿಗಾಲು ಅದಕ್ಕಿಂತ ವಾಸಿ. ಸಕ್ಕರೆ ಕಾಯಿಲೆಯವರಿಗೆ ಮಾತ್ರ ಒಳಗೂ ಚಪ್ಪಲಿ ಬೇಕು. ಅಂಗಳಕ್ಕೆ ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ ರಬ್ಬರ್ ತಳದ ಸ್ಯಾಂಡಲ್ ಕೊಡಿಸಿ.

ಅಂಗಳದ ಪಾಚಿಯನ್ನು ಮಳೆಗೆ ಮೊದಲೇ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ ತೆಗೆಯಿರಿ, ಮಳೆಗಾಲದಲ್ಲಿ ಬಿಡುವು ಸಿಕ್ಕಾಗಲೆಲ್ಲ ಮತ್ತೆ. ಅಡಕೆ ದಬ್ಬೆ (ಸೀಳಿದ ಅಡಕೆ ಮರ) ಹಾಸಿದ ದಾರಿ ಕೆಸರಿಗೆ ಒಳ್ಳೆಯದು, ಆದರೆ ಎರಡು ಮಳೆ ಬಿದ್ದ ಮೇಲೆ ದಬ್ಬೆಯೇ ಜಾರುತ್ತದೆ. ಒದ್ದೆಯಾದ ಅಡಕೆ ಹಾಳೆಯೂ ಹಾಗೆಯೇ. ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆ ಕಡೆ ಇದನ್ನೆಲ್ಲ ಗೆಲ್ಲುತ್ತೇವೆ ಅನ್ನುವುದು ಸುಳ್ಳು. ಆಷಾಢ ಶ್ರಾವಣದಲ್ಲಿ ಹಿರಿಯರು ಓಡಾಡುವ ಒಂದೇ ಒಂದು ದಾರಿಯನ್ನು ಆರಿಸಿಕೊಂಡು ಅದನ್ನಷ್ಟೇ ಚೊಕ್ಕಟವಾಗಿಡಿ, ಪಕ್ಕಕ್ಕೆ ಹಗ್ಗವನ್ನಲ್ಲ, ಗಟ್ಟಿ ಗಳ ಕಟ್ಟಿ.

## ಬಿದ್ದೇ ಬಿಟ್ಟರೆ

ಓಡಿ ಹೋಗಿ ಎತ್ತಬೇಡಿ. ಮೊದಲು ಮಾತಾಡಿಸಿ. ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿದ್ದರೆ, ತೊಡೆಸಂದಿಯಲ್ಲಿ ನೋವಿದ್ದರೆ ಸೊಂಟದ ಮೂಳೆ ಮುರಿದಿರಬಹುದು. ಅಲುಗಾಡಿಸದೆ, ಬೆಚ್ಚಗೆ ಹೊದಿಸಿ, 108ಕ್ಕೆ ಫೋನ್ ಮಾಡಿ. ಆಪರೇಷನ್ ಬೇಕಾಗಬಹುದು, ಹಾಗಾಗಿ ಕಾಫಿ ಕೊಡಬೇಡಿ. ಕೆಲವು ಸಲ ಮುರಿದ ಮೂಳೆ ಒಂದರೊಳಗೊಂದು ಸಿಕ್ಕಿಕೊಂಡು, ಕುಂಟುತ್ತಾ ನಡೆಯಲೂ ಆಗುತ್ತದೆ. ನಡೆದರು ಅಂತ ಎಕ್ಸ್‌ರೇ ಬಿಡಬೇಡಿ. ಎಣ್ಣೆ ತಿಕ್ಕಿಸುವುದು, ಕಟ್ಟು ಹಾಕಿಸುವುದು ಎಕ್ಸ್‌ರೇಗೆ ಮೊದಲು ಖಂಡಿತ ಬೇಡ.

ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರ ತಲೆಗೆ ಪೆಟ್ಟು ಬಿದ್ದರೆ, ಆರಾಮಾಗಿ ಮಾತಾಡುತ್ತಿದ್ದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಏನೂ ಆಗಿಲ್ಲ ಅಂದರೆ 8ನೇ ಹಂತದ ಕ್ರಮದಲ್ಲಿ ಅವರೇ ಏಳಲಿ, ನೀವು ಕುರ್ಚಿ ತಂದಿಡಿ. ಎಲ್ಲಿ, ಎಷ್ಟು ಹೊತ್ತಿಗೆ, ಏನು ಮಾಡುವಾಗ, ಕಾಲಲ್ಲಿ ಏನಿತ್ತು ಅನ್ನುವುದನ್ನು ಅವತ್ತೇ ಕ್ಯಾಲೆಂಡರಿನಲ್ಲಿ ಬರೆಯಿರಿ. ಮುಂದಿನ ಸಲ ಫಿಸಿಯೋ ಬಂದಾಗ ಮೊದಲು ತೋರಿಸಬೇಕಾದದ್ದು ಅದೇ. ಬಿದ್ದದ್ದನ್ನು ಮುಚ್ಚಿಡುವ ಹಿರಿಯರು ಬಹಳ. ಬೈದರೆ ಮುಂದಿನ ಸಲ ಹೇಳುವುದೇ ಇಲ್ಲ.

## ಮೂರನೇ ವಾರ ದಾಟಿಸುವುದು

ಹೆಚ್ಚಿನ ಮನೆಯಲ್ಲಿ ವ್ಯಾಯಾಮ ನಿಲ್ಲುವುದು ಮೂರನೇ ವಾರದ ಆಸುಪಾಸು. ಹೊಸತು ಅನ್ನುವುದು ಮುಗಿದಿರುತ್ತದೆ, ಫಲ ಇನ್ನೂ ಕಂಡಿರುವುದಿಲ್ಲ. ಬೇರೆ ಸಮಯ ಹುಡುಕುವ ಬದಲು ಈಗಾಗಲೇ ಇರುವ ಕೆಲಸಕ್ಕೆ ಕಟ್ಟಿ. ಕಾಫಿ ಕುದಿಯುವವರೆಗೆ ಕಟ್ಟೆ ಹಿಡಿದು ತುದಿಗಾಲು. ಟಿವಿಯಲ್ಲಿ ಜಾಹೀರಾತು ಬಂದಾಗಲೆಲ್ಲ ಐದು ಸಲ ಕುರ್ಚಿಯಿಂದ ಏಳುವುದು. ಅಡಕೆ ಕೊಯ್ಲಿನ ತಿಂಗಳುಗಳಲ್ಲಿ ಮನೆಯವರಿಗೆ ಪುರುಸೊತ್ತಿರುವುದಿಲ್ಲ, ಅದು ಗೊತ್ತಿರುವ ವಿಷಯ. ಆಗ ಹೊಸದೇನನ್ನೂ ಸೇರಿಸದೆ, ಇದ್ದದ್ದನ್ನು ಉಳಿಸಿಕೊಂಡರೆ ಸಾಕು. ಮನೆಯಲ್ಲಿ ಒಬ್ಬರೇ ಇರುವ ಹಿರಿಯರಾದರೆ ಕೈ ಬಿಟ್ಟು ಮಾಡುವ ಬ್ಯಾಲೆನ್ಸ್ ಬೇಡ, ಬಲದ ವ್ಯಾಯಾಮ ಮತ್ತು ಕೈ ಹಿಡಿದು ಮಾಡುವುದು ಮಾತ್ರ. ದೂರದಲ್ಲಿರುವ ಮಕ್ಕಳು ನಿಗದಿಯಾದ ಹೊತ್ತಿಗೆ ಫೋನ್ ಮಾಡಿ ಜೊತೆಗೆ ಎಣಿಸಲಿ. ನೋಡಿಕೊಳ್ಳುವವರು ಯಾರೂ ಇಲ್ಲದೆ ಕಷ್ಟವಾಗಿದ್ದರೆ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು.

ಎಂಟನೇ ವಾರಕ್ಕೆ 3ನೇ ಹಂತದ ಮೂರೂ ಪರೀಕ್ಷೆ ಮತ್ತೆ ಮಾಡಿ. ಕುರ್ಚಿಯಿಂದ ಏಳುವ ಲೆಕ್ಕ ಎರಡು ಮೂರು ಹೆಚ್ಚಾಗಿದ್ದರೆ ಸರಿಯಾದ ದಾರಿಯಲ್ಲಿದ್ದೀರಿ. ಒಂದೂ ಹೆಚ್ಚಾಗದಿದ್ದರೆ ಮೊದಲು ತೂಕ ನೋಡಿ, ಶುರುವಿನಲ್ಲಿ ಕಟ್ಟಿದ್ದೇ ಇರಬೇಕು. ಕಮ್ಮಿಯಾಗಿದ್ದರೆ ವ್ಯಾಯಾಮ ಜಾಸ್ತಿ ಮಾಡಿಸಲು ಹೋಗಬೇಡಿ, ಮಾತ್ರೆಯ ಕೈಚೀಲ ಹಿಡಿದು 1ನೇ ಹಂತಕ್ಕೆ ವಾಪಸ್ ಹೋಗಿ.